ಅರ್ಧಕ್ಕೆ ನಿಂತ ಕೆಲಸವನ್ನು ಕಾಲೇಜು ಅರ್ಜಿಯಲ್ಲಿ ಬರೆಯಬಹುದಾ?

ಬಾಯಾರಿನ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನ ಬಾಯಾರು ಕಡೆಯವಳು. ಈಗ ಪ್ಲಸ್ ಟು ಸಯನ್ಸ್, ಹತ್ತರವರೆಗೆ ಕನ್ನಡ ಮೀಡಿಯಂ. ಅಮೆರಿಕದ ನಾಲ್ಕು ಕಾಲೇಜುಗಳಿಗೆ ಕಾಮನ್ ಆ್ಯಪ್‌ನಲ್ಲಿ (ಹಲವು ಕಾಲೇಜುಗಳಿಗೆ ಒಂದೇ ಆನ್‌ಲೈನ್ ಫಾರಂ) ಅರ್ಜಿ ಹಾಕುತ್ತಿದ್ದೇನೆ. ಪೂರ್ತಿ ಸ್ಕಾಲರ್‌ಶಿಪ್ ಸಿಕ್ಕಿದರೆ ಹೋಗುವುದು, ಇಲ್ಲದಿದ್ದರೆ ಇಲ್ಲ. "ಅಷ್ಟು ದೂರ ಯಾಕೆ" ಅಂತ ದಯವಿಟ್ಟು ಕೇಳಬೇಡಿ, ಅದಕ್ಕೆ ಮನೆಯಲ್ಲೇ ಜನ ಇದ್ದಾರೆ. ಇಲ್ಲೇ ಪೆರಿಯದ ಕೇಂದ್ರ ವಿಶ್ವವಿದ್ಯಾಲಯಕ್ಕೂ ಸಿಯುಇಟಿ ಪ್ರವೇಶ ಪರೀಕ್ಷೆ ಬರೆಯುತ್ತೇನೆ. ಅಲ್ಲಿ ಅಂಕ ಬಂದರೆ ಸಾಕು, ಈ ತಲೆನೋವಿಲ್ಲ.

ತಲೆನೋವು ಏನಂದರೆ, ಕಾಮನ್ ಆ್ಯಪ್‌ನಲ್ಲಿ ಪಾಠದ ಹೊರಗೆ ಏನೇನು ಮಾಡಿದ್ದೀರಿ ಅಂತ ಬರೆಯಲು 10 ಜಾಗ ಇದೆ. ಬಹುಮಾನಗಳಿಗೆ ಬೇರೆ 5 ಜಾಗ. ನನ್ನ ಹತ್ತಿರ ಮುಗಿದ ಕೆಲಸ ಒಂದೂ ಇಲ್ಲ!

ದೊಡ್ಡದು ಸುರಂಗದ್ದು. ಘಟ್ಟದ ಮೇಲಿನವರಿಗೆ ಹೇಳುತ್ತೇನೆ, ನಮ್ಮಲ್ಲಿ ಗುಡ್ಡದ ಮುರಕಲ್ಲಿಗೆ (ಜಂಬಿಟ್ಟಿಗೆ) ಅಡ್ಡವಾಗಿ ಸುರಂಗ ತೋಡುತ್ತಾರೆ. ಒಬ್ಬರು ನಡೆದು ಹೋಗುವಷ್ಟೇ ಅಗಲ. ಒಳಗೆ ಒರತೆ ಸಿಕ್ಕಿದರೆ ನೀರು ತಾನಾಗಿ ಹರಿದು ಹೊರಗಿನ ಕೆರೆಗೆ ಬೀಳುತ್ತದೆ. ಪಂಪು ಬೇಡ, ಕರೆಂಟು ಬೇಡ. ನಮ್ಮ ಅಡಿಕೆ ತೋಟ ಬದುಕಿದ್ದೇ ಹೀಗೆ. ಒಂಬತ್ತನೇ ಕ್ಲಾಸಿನ ಬೇಸಿಗೆಯಲ್ಲಿ ನಾನು ಅಜ್ಜನ ಜೊತೆ ಊರಿನ ಸುರಂಗಗಳನ್ನು ಅಳೆಯಲು ಶುರು ಮಾಡಿದೆ. ಅಜ್ಜ ಕೋಲಿನ ಲೆಕ್ಕ ಹೇಳುತ್ತಾರೆ, ನಾನು ಟೇಪು ಹಿಡಿಯುತ್ತೇನೆ. ಅಜ್ಜನ ಬಾಯಿಂದ 60 ಸುರಂಗಗಳ ಪಟ್ಟಿ ಬರೆದುಕೊಂಡಿದ್ದೆ. ಇವತ್ತಿನವರೆಗೆ ಅಳೆದದ್ದು 23. ಅದರಲ್ಲಿ 9 ಬತ್ತಿವೆ. ಉಳಿದ 14ರಲ್ಲಿ ಹತ್ತು ಲೀಟರಿನ ಬಾಲ್ದಿ ತುಂಬಲು ಎಷ್ಟು ಸೆಕೆಂಡು ಬೇಕು ಅಂತ ಎರಡು ಬೇಸಿಗೆ ಬರೆದಿಟ್ಟಿದ್ದೇನೆ. ಮೂರನೇ ಬೇಸಿಗೆಯದ್ದೂ ಸೇರಿದರೆ ಏನಾದರೂ ಹೇಳಬಹುದಿತ್ತು. ಆದರೆ ಅರ್ಜಿಯ ಕೊನೆಯ ದಿನ ಜನವರಿ ಮೊದಲ ವಾರ. ಮಳೆಗಾಲದಲ್ಲಿ ಒಳಗೆ ಹೋಗಲು ಅಜ್ಜ ಬಿಡುವುದಿಲ್ಲ. ಕಳೆದ ವರ್ಷದಿಂದ ಅವರಿಗೂ ಮಂಡಿ ನೋವು.

ಎರಡನೆಯದು ಕಲೋತ್ಸವ, ಕೇರಳದ ಶಾಲಾ ಮಕ್ಕಳ ಕಲಾ ಸ್ಪರ್ಧೆ. ಯಕ್ಷಗಾನದಲ್ಲಿ ನಮ್ಮ ಶಾಲೆಗೆ ಜಿಲ್ಲೆಯಲ್ಲಿ ಎ ಗ್ರೇಡ್, ಆದರೆ ಎರಡನೇ ಸ್ಥಾನ. ರಾಜ್ಯಮಟ್ಟಕ್ಕೆ ಹೋಗಲು ಅಪೀಲು ಕೊಟ್ಟಿದ್ದೇವೆ, ತೀರ್ಮಾನ ಬಂದಿಲ್ಲ. (ನಾನು ದೇವೇಂದ್ರನ ಬಲದಲ್ಲಿ ವಾಯು. ಮಾತು ಮೂರೇ.) ಮತ್ತೆ ಮದ್ದಳೆ ಎರಡು ವರ್ಷ ಕಲಿತು ಬಿಟ್ಟದ್ದು ಒಂದು.

ಮಾವ ಮಂಗಳೂರಿನಲ್ಲಿ ಒಬ್ಬ ಕನ್ಸಲ್ಟೆಂಟ್ ಹತ್ತಿರ ಕರೆದುಕೊಂಡು ಹೋಗಿದ್ದರು. ಅವರು ಐದು ನಿಮಿಷ ನೋಡಿ, "60 ಸುರಂಗಗಳ ಸರ್ವೆ ಮುಗಿಸಿದೆ ಅಂತ ಹಾಕಿ. ಅಲ್ಲಿಂದ ಯಾರು ಬಂದು ಎಣಿಸ್ತಾರೆ?" ಅಂದರು. ನನಗೆ ಅದು ಸರಿ ಕಾಣಲಿಲ್ಲ. ಹಾಗಂತ 23 ಅಂತ ಬರೆದರೆ ಸೋತ ಹಾಗೆ ಕಾಣುತ್ತದೆ. ಏನು ಮಾಡಲಿ?

ಪೆರ್ಲದಿಂದ ಹೋದವ

ನಾನು ಇದೇ ಫಾರಂ ತುಂಬಿಸಿ ಹೋಗಿ, ಓದಿ, ಈಗ ಬೆಂಗಳೂರಿನಲ್ಲಿ ಕೂತಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸೋಣ. ಆ 10 ಜಾಗ ಸಾಧನೆಗಲ್ಲ, ಚಟುವಟಿಕೆಗೆ. ಯಾವ ಯಾವ ಕ್ಲಾಸಿನಲ್ಲಿ ಮಾಡಿದಿರಿ, ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಅಂತ ಅದು ಕೇಳುತ್ತದೆ. "ಮುಗಿಯಿತಾ" ಅಂತ ಎಲ್ಲೂ ಕೇಳುವುದಿಲ್ಲ. ಕಾಲೇಜಿನಲ್ಲೂ ಮುಂದುವರಿಸುವ ಮನಸ್ಸಿದೆಯಾ ಅಂತ ಕೇಳುತ್ತದೆ. ಅಂದರೆ ಮುಗಿಯದ ಕೆಲಸಕ್ಕೆ ಫಾರಂನಲ್ಲೇ ಜಾಗ ಉಂಟು. ಬಹುಮಾನದ 5 ಜಾಗ ಬೇರೆ. ಅಲ್ಲಿಗೆ ಕೈಗೆ ಬಂದದ್ದು ಮಾತ್ರ.

ಬೇಸಿಗೆಯಲ್ಲಿ ಮಾತ್ರ ಮಾಡಿದ್ದರೆ ವಾರಗಳನ್ನು ಅಷ್ಟೇ ಹಾಕಿ. ಭಾನುವಾರ ಆರು ಗಂಟೆ, ಹನ್ನೆರಡು ವಾರ ಅಂತಾದರೆ ಹಾಗೇ ಬರೆಯಿರಿ. ಐವತ್ತೆರಡು ವಾರ ಅಂತ ಹಾಕಿದರೆ ಮಳೆಗಾಲದಲ್ಲಿ ಸುರಂಗದೊಳಗೆ ಏನು ಮಾಡುತ್ತಿದ್ದಿರಿ ಅಂತ ಆಗುತ್ತದೆ.

ವಿವರಣೆಗೆ ಸಿಗುವುದು 150 ಅಕ್ಷರ, ಅದೂ ಖಾಲಿ ಜಾಗ ಸೇರಿಸಿ. ಸುರಂಗ ಅಂದರೆ ಏನು ಅಂತ ಅವರಿಗೆ ಇಂಗ್ಲಿಷಿನಲ್ಲಿ ಹೇಳುವಷ್ಟರಲ್ಲೇ ಅರ್ಧ ಖರ್ಚು. ಅದನ್ನು ಕೆಲಸದ ಹೆಸರಿನ ಸಾಲಿಗೆ ತಳ್ಳಿ. ಮುರಕಲ್ಲು, ಒರತೆ, ಅಜ್ಜನ ಮಂಡಿ ಎಲ್ಲ ಪ್ರಬಂಧಕ್ಕೆ. ಅದಕ್ಕೆ 650 ಪದ ಕೊಡುತ್ತಾರೆ.

ಈಗ ನನ್ನ ಕಥೆ. "ತುಳು ಗಾದೆಗಳ ಪುಸ್ತಕ ಪ್ರಕಟಿಸುತ್ತಿದ್ದೇನೆ" ಅಂತ ನಾನು ಬರೆದಿದ್ದೆ. ಇದ್ದದ್ದು ಒಂದು ನೋಟ್‌ಬುಕ್ಕು, ಅದರಲ್ಲಿ ನಲವತ್ತು ಗಾದೆ. ವಿಡಿಯೊ ಸಂದರ್ಶನದಲ್ಲಿ ಒಬ್ಬರು ಅಜ್ಜಿ, ಬಹಳ ಪ್ರೀತಿಯಿಂದ, "ಯಾವಾಗ ಬರುತ್ತದೆ, ನನಗೊಂದು ಪ್ರತಿ ಬೇಕಿತ್ತು" ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಮಾರಾಯ್ರೆ. ಆ ಕಾಲೇಜಿನಲ್ಲಿ ಸೀಟು ಸಿಗಲಿಲ್ಲ. ಅದಕ್ಕೇ ಸಿಗಲಿಲ್ಲ ಅಂತ ಹೇಳಲಾರೆ. ಆದರೆ ನಲವತ್ತು ಗಾದೆ ಬರೆದುಕೊಂಡಿದ್ದೇನೆ ಅಂದಿದ್ದರೆ ಅವರಿಗೆ ನಾಲ್ಕು ಹೇಳಿ ನಗಿಸಬಹುದಿತ್ತು, ಅಲ್ವಾ?

23 ಅಂತಲೇ ಬರೆಯಿರಿ.

ಸುಮ್ನೆ ಓದುವವ

ಎಲ್ಲರೂ ಉಬ್ಬಿಸಿಯೇ ಬರೆಯುವುದು. ದೊಡ್ಡ ಊರಿನ ಮಕ್ಕಳು ಎನ್‌ಜಿಒ ಸ್ಥಾಪಕರು ಅಂತ ಹಾಕಿಕೊಳ್ಳುತ್ತಾರೆ. ನೀವೊಬ್ಬರು ಹರಿಶ್ಚಂದ್ರ ಆದರೆ ಸೀಟು ಅವರಿಗೆ. ಕನ್ಸಲ್ಟೆಂಟ್ ಹೇಳಿದ್ದು ಲೋಕದ ರೀತಿ.

ನೀರ್ಚಾಲಿನ ನಿವೃತ್ತ ಮೇಷ್ಟ್ರು

ಮೇಲಿನವರಿಗೆ ಒಂದು ಮಾತು. ಅರ್ಜಿಯ ಕೊನೆಯಲ್ಲಿ "ಇದೆಲ್ಲ ನಿಜ" ಅಂತ ಮಗು ಸಹಿ ಮಾಡಬೇಕು. ಸುಳ್ಳು ಅಂತ ಆಮೇಲೆ ಗೊತ್ತಾದರೆ ಕೊಟ್ಟ ಸೀಟನ್ನೂ ಹಿಂದಕ್ಕೆ ತೆಗೆದುಕೊಳ್ಳಬಹುದು. ಇನ್ನೊಂದು, ಶಾಲೆಯಿಂದ ಕೌನ್ಸೆಲರ್ ಒಂದು ವರದಿ ಕಳಿಸಬೇಕು. ನಮ್ಮ ಸರಕಾರಿ ಶಾಲೆಗಳಲ್ಲಿ ಅಂಥದ್ದನ್ನು ಕೊನೆಗೆ ಪ್ರಿನ್ಸಿಪಾಲರೇ ತುಂಬಿಸುವುದು. ಮಗು 60 ಅಂತ ಬರೆದು, ಅವರು ಸ್ಟಾಫ್ ರೂಮಿನಲ್ಲಿ ಕೇಳಿದ 23 ಅಂತ ಬರೆದರೆ ಏನು ಗತಿ?

ಕಲೋತ್ಸವದ ವಿಷಯ. 2019ರಲ್ಲಿ ಕಾಞಂಗಾಡಿನಲ್ಲಿ ರಾಜ್ಯ ಕಲೋತ್ಸವ ಆದಾಗ ನಾನು ಇನ್ನೂ ಸರ್ವೀಸಿನಲ್ಲಿದ್ದೆ. ಅಪೀಲಿನ ಮಕ್ಕಳನ್ನು ಬೇಕಾದಷ್ಟು ನೋಡಿದ್ದೇನೆ. ಅಪೀಲು ಅಂದರೆ ಅರ್ಜಿ ಅಷ್ಟೆ. ತೀರ್ಮಾನ ಬರುವವರೆಗೆ ನೀನು ರಾಜ್ಯಮಟ್ಟದವಳಲ್ಲ. "ಜಿಲ್ಲೆ, ಯಕ್ಷಗಾನ ತಂಡ, ಎ ಗ್ರೇಡ್" ಅಂತ ಬಹುಮಾನದ ಜಾಗದಲ್ಲಿ ಹಾಕು. ತಂಡ ಅನ್ನುವ ಪದ ಬಿಡಬೇಡ. ಅಪೀಲಿನ ಹೆಸರೇ ಎತ್ತಬೇಡ, ಅವರಿಗೆ ಅದು ಅರ್ಥವಾಗದು. ಅರ್ಜಿ ಕಳಿಸಿದ ಮೇಲೆ ಸ್ಟೇಟ್‌ಗೆ ಹೋದರೆ ಕಾಲೇಜಿಗೆ ಒಂದು ಇಮೇಲ್ ಬರೆದು ತಿಳಿಸು. ಹೊಸ ವಿಷಯ ಅಂತ ಸೇರಿಸಿಕೊಳ್ಳುತ್ತಾರೆ.

ಮದ್ದಳೆಯನ್ನು ಯಾಕೆ ಅಷ್ಟು ಹಗುರ ಮಾಡಿದೆ? ಎರಡು ವರ್ಷ ಕಲಿತದ್ದು ನಿಜ ತಾನೇ? ಒಂಬತ್ತು, ಹತ್ತು ಅಂತ ಆ ಎರಡು ಕ್ಲಾಸಿಗೆ ಮಾತ್ರ ಗುರುತು ಹಾಕು. ಬಿಟ್ಟದ್ದು ತಾನಾಗಿ ತಿಳಿಯುತ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವಳು ಮದ್ದಳೆ ಮುಟ್ಟಿದ್ದನ್ನು ಅಡಗಿಸಿಡುವುದು ಎಂಥ ಕರ್ಮ!

ಸುರಂಗದ ಮನೆಯವ

"ಯಾರು ಬಂದು ಎಣಿಸ್ತಾರೆ" ಅಂದರಲ್ಲ, ನಾನು ಎಣಿಸ್ತೇನೆ. ನನ್ನ ಅಪ್ಪ ಸುರಂಗ ತೋಡುವ ಕೆಲಸದವರು. ಶೇಣಿ, ಪೆರ್ಲ, ಬಾಯಾರು, ಕರೆದಲ್ಲಿಗೆ ಹೋಗಿದ್ದಾರೆ. ಸಣ್ಣವನಿದ್ದಾಗ ಮಣ್ಣು ಹೊತ್ತು ಹೊರಗೆ ಹಾಕುವುದು ನನ್ನ ಕೆಲಸ. ಒಳಗೆ ದೀಪ ನಂದಿದರೆ ಗಾಳಿ ಇಲ್ಲ ಅಂತ ಲೆಕ್ಕ, ಎಲ್ಲ ಬಿಟ್ಟು ಹೊರಗೆ ಬರಬೇಕು. ನೀವು ದೀಪ ತೆಗೆದುಕೊಂಡು ಹೋಗ್ತೀರಾ, ಇಲ್ಲ ಮೊಬೈಲ್ ಟಾರ್ಚಾ? ಟಾರ್ಚು ಗಾಳಿ ಇಲ್ಲದಲ್ಲೂ ಉರಿಯುತ್ತದೆ ತಂಗಿ. ಜಾಗ್ರತೆ.

ನನ್ನದೊಂದು ಪ್ರಶ್ನೆ. ಆ 60 ಎಲ್ಲಿಂದ ಬಂತು? ಅಜ್ಜ ಹೇಳಿದ್ದು ಅಂದರೆ ನೀರಿದ್ದ ಸುರಂಗಗಳೇ ಇರಬೇಕು. ಬತ್ತಿದ್ದು ಬೇರೆ, ನೀರೇ ಸಿಗದ್ದು ಬೇರೆ. ತಿಂಗಳುಗಟ್ಟಲೆ ತೋಡಿ, ಬಂಡೆ ಅಡ್ಡ ಬಂದು, ಅಪ್ಪ ಬಿಟ್ಟು ಬಂದದ್ದು ನನಗೆ ಗೊತ್ತಿದ್ದ ಹಾಗೆ ಮೂರು. ಅವುಗಳಿಗೆ ಹೆಸರಿಲ್ಲ. ಯಾರೂ ತೋರಿಸುವುದೂ ಇಲ್ಲ. ತೋಟದವರಿಗೆ ದುಡ್ಡು ಹೋದ ಸಂಕಟ, ತೋಡಿದವನಿಗೆ ನಾಚಿಕೆ. ಅದನ್ನೂ ಸೇರಿಸಿದರೆ ನಿಮ್ಮ ಊರಿನಲ್ಲಿ 60ರ ಮೇಲೆ ಎಷ್ಟೋ. ಕನ್ಸಲ್ಟೆಂಟ್ ಹೇಳಿದ ಸುಳ್ಳು ಕೂಡ ಲೆಕ್ಕದಲ್ಲಿ ತಪ್ಪು!

ಮತ್ತೆ, ಕವಲುಗಳನ್ನು ಅಳೆದಿದ್ದೀರಾ, ಇಲ್ಲ ನೇರ ದಾರಿ ಮಾತ್ರವಾ?

ಇನ್ನು "ಕಂಡುಹಿಡಿದೆ" ಅಂತ ಮಾತ್ರ ಬರೆಯಬೇಡಿ. ಅದನ್ನು ತೋಡಿದವರು ಇದ್ದಾರೆ.

ಬಾಯಾರಿನ ಹುಡುಗಿ

ಎಲ್ಲರಿಗೂ ಥ್ಯಾಂಕ್ಸ್. ಹರಿಶ್ಚಂದ್ರ ಅಂದವರಿಗೂ. ಆದರೆ ಎನ್‌ಜಿಒ ಸ್ಥಾಪಕರ ಜೊತೆ ಸುಳ್ಳಿನಲ್ಲಿ ಪೈಪೋಟಿ ಮಾಡಿದರೆ ನಾನು ಹೇಗೂ ಸೋಲುತ್ತೇನೆ. ಅವರಿಗೆ ಅಭ್ಯಾಸ ಜಾಸ್ತಿ.

ಸುರಂಗದ ಮನೆಯ ಅಣ್ಣನ ಮಾತು ಓದಿ ನೇರ ಅಜ್ಜನ ಹತ್ತಿರ ಹೋದೆ. "ನೀರು ಸಿಗದ ಸುರಂಗ ನೀವು ಒಂದೂ ಹೇಳಲೇ ಇಲ್ಲ ಯಾಕೆ" ಅಂತ ಕೇಳಿದೆ. ಅಜ್ಜ ಸ್ವಲ್ಪ ಹೊತ್ತು ಎಲೆ ಅಡಿಕೆ ಜಗಿದು, "ಅದನ್ನೆಲ್ಲ ಯಾರು ಕೇಳ್ತಾರೆ" ಅಂದರು. ಆಮೇಲೆ ಒಂದೊಂದಾಗಿ ಹೇಳಿದರು. ಏಳು! ಒಂದು ನಮ್ಮ ಕೊಟ್ಟಿಗೆಯ ಹಿಂದೆಯೇ ಉಂಟು. ನಾನು ಅದನ್ನು ಹಳೆ ಗೊಬ್ಬರದ ಗುಂಡಿ ಅಂತ ತಿಳಿದಿದ್ದೆ. ಹದಿನೇಳು ವರ್ಷ.

ಹಾಗಾಗಿ 60 ಅನ್ನುವ ಸಂಖ್ಯೆಯನ್ನೇ ತೆಗೆದುಬಿಟ್ಟೆ. ಈಗ ಬರೆದದ್ದನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ: "ಅಜ್ಜನೊಂದಿಗೆ ಗುಡ್ಡದ 23 ನೀರಿನ ಸುರಂಗ ಅಳೆದೆ. 14ರ ಹರಿವನ್ನು ಎರಡು ಬೇಸಿಗೆ ಬಾಲ್ದಿಯಲ್ಲಿ ಅಳೆದು ಬರೆದಿಟ್ಟೆ. ನೀರು ಸಿಗದವುಗಳ ಪಟ್ಟಿ ಈಗ ಶುರು." ಇಂಗ್ಲಿಷಿನಲ್ಲಿ 150ಕ್ಕೆ ಇನ್ನೂ ಹನ್ನೊಂದು ಅಕ್ಷರ ಜಾಸ್ತಿ. "ಶುರು" ಅನ್ನುವುದನ್ನು ಉಳಿಸಿಕೊಳ್ಳಬೇಕು, ಬಾಲ್ದಿ ಹೋದರೂ ಚಿಂತೆಯಿಲ್ಲ. ಇಲ್ಲ, ಬಾಲ್ದಿಯೂ ಇರಲಿ. ನೋಡುತ್ತೇನೆ.

ಮೇಷ್ಟ್ರೇ, ಮದ್ದಳೆ ಹಾಕಿದೆ. ಅಪೀಲು ತೆಗೆದೆ.

ಅಣ್ಣ, ಕವಲು ಅಳೆದಿಲ್ಲ, ನೇರ ದಾರಿ ಮಾತ್ರ. ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ದೀಪ ತೆಗೆದುಕೊಂಡೇ ಹೋಗುವುದು, ಅಜ್ಜ ಬೇರೆ ರೀತಿ ಬಿಡುವುದಿಲ್ಲ. ನಿಮ್ಮ ಅಪ್ಪ ಬಿಟ್ಟು ಬಂದ ಮೂರರಲ್ಲಿ ಬಾಯಾರಿನದ್ದು ಯಾವುದಾದರೂ ಇದ್ದರೆ ಹೇಳಿ. ಈ ಭಾನುವಾರ ನಾನು ಮತ್ತು ಚಿಕ್ಕಪ್ಪ ಬರುತ್ತೇವೆ. ನಮ್ಮ ಟೇಪು 30 ಮೀಟರಿನದ್ದು, ಅದಕ್ಕಿಂತ ಉದ್ದ ಇದ್ದರೆ ಮೊದಲೇ ತಿಳಿಸಿ, ಹಗ್ಗ ತರುತ್ತೇನೆ.