ಸಹಾಯ ಬೇಕು: ಬ್ಲೇಜಾರ್‌ನ ಪೋಲರೈಸೇಶನ್ ಕೋನ ನಿಜವಾಗಿ ತಿರುಗಿದೆಯಾ?

ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ. ಪ್ರಾಜೆಕ್ಟ್‌ಗೆ 3ಸಿ 279 ಎಂಬ ಬ್ಲೇಜಾರ್ ತೆಗೆದುಕೊಂಡಿದ್ದೇನೆ. ಬ್ಲೇಜಾರ್ ಅಂದರೆ ನಡುವಿನ ದೈತ್ಯ ಕಪ್ಪುಕುಳಿಯ ಬಳಿಯಿಂದ ಜೆಟ್, ಅಂದರೆ ವೇಗದ ಕಣಗಳ ಧಾರೆ, ಚಿಮ್ಮುವ ಗ್ಯಾಲಕ್ಸಿ. ಇದರ ಜೆಟ್ ಹೆಚ್ಚುಕಡಿಮೆ ನಮ್ಮ ಕಡೆಗೇ ಮುಖ ಮಾಡಿದೆ. ಅರಿಜೋನಾದ ಸ್ಟೀವರ್ಡ್ ವೀಕ್ಷಣಾಲಯ ಎಲ್ಲರಿಗೂ ಸಿಗುವಂತೆ ಇಟ್ಟಿರುವ ಡೇಟಾ ಬಳಸುತ್ತಿದ್ದೇನೆ.

ತಲೆನೋವು ಏನೆಂದರೆ, ಪೋಲರೈಸೇಶನ್ ಕೋನಕ್ಕೆ (ಬೆಳಕಿನ ಅಲೆ ಯಾವ ದಿಕ್ಕಿನಲ್ಲಿ ಕಂಪಿಸುತ್ತಿದೆ ಎಂದು ಹೇಳುವ ಕೋನ) ತಲೆ ಯಾವುದು, ಬಾಲ ಯಾವುದು ಅನ್ನೋದೇ ಇಲ್ಲ. 10 ಡಿಗ್ರಿ, 190 ಡಿಗ್ರಿ ಎರಡೂ ಒಂದೇ! ಹಾಗಾಗಿ ಪಕ್ಕಪಕ್ಕದ ಎರಡು ಬಿಂದುಗಳ ನಡುವೆ 90 ಡಿಗ್ರಿಗಿಂತ ಜಾಸ್ತಿ ಅಂತರ ಬಂದರೆ 180 ಕೂಡಿಸುತ್ತೇನೆ, ಇಲ್ಲವೇ ಕಳೆಯುತ್ತೇನೆ. ದಿನಾ ಅಳತೆ ಇದ್ದಾಗ ಇದು ಸರಿ. ಆದರೆ ನಡುವೆ ವಾರಗಟ್ಟಲೆ ಖಾಲಿ ಇದ್ದರೆ? ಒಂದು ಕಡೆ ಕೂಡಿಸಿದರೆ ಭರ್ಜರಿ ತಿರುಗುವಿಕೆ ಕಾಣುತ್ತದೆ, ಕಳೆದರೆ ಸುಮ್ನೆ ಅಲುಗಾಟ ಅಷ್ಟೇ.

2009ರಲ್ಲಿ ಇದೇ ಬ್ಲೇಜಾರ್‌ನಲ್ಲಿ ಗಾಮಾ ಕಿರಣಗಳು ಭುಗಿಲೆದ್ದಾಗ ಸುಮಾರು 20 ದಿನಗಳಲ್ಲಿ ಕೋನ 208 ಡಿಗ್ರಿ ತಿರುಗಿತ್ತು ಎಂದು ವರದಿಯಾಗಿದೆ. ಸುರುಳಿಯಾಕಾರದ ಕಾಂತಕ್ಷೇತ್ರ, ಬಾಗಿದ ಜೆಟ್ ಅಂತೆಲ್ಲ ವಿವರಣೆ ಇದೆ. ಆದರೆ ಜೆಟ್‌ನೊಳಗಿನ ಗೊಂದಲಮಯ ಕಾಂತಕ್ಷೇತ್ರ ಕೂಡ ಆಕಸ್ಮಿಕವಾಗಿ ಇಂಥ ತಿರುಗುವಿಕೆ ತೋರಿಸಬಹುದಲ್ವಾ? ನನಗೆ ಅದೇ ಭಯ.

ಈ ಕೆಲಸ ಮಾಡಿದವರು ಇದ್ದರೆ ಹೇಳಿ: ಎಷ್ಟು ದಿನಕ್ಕಿಂತ ದೊಡ್ಡ ಖಾಲಿ ಜಾಗ ಬಂದರೆ ಸರಣಿಯನ್ನು ಅಲ್ಲೇ ತುಂಡು ಮಾಡುತ್ತೀರಿ? ಕೋನ ಬಿಟ್ಟು ನೇರವಾಗಿ ಕ್ಯೂ, ಯು ಸ್ಟೋಕ್ಸ್ ಬೆಲೆಗಳ (ಪೋಲರೈಸೇಶನ್‌ನ ಪ್ರಮಾಣ, ಕೋನ ಎರಡನ್ನೂ ಲೆಕ್ಕಹಾಕಲು ಬಳಸುವ ಅಳತೆಗಳು) ಮೇಲೇ ಕೆಲಸ ಮಾಡುವುದು ವಾಸಿಯಾ? ಪೈಥಾನ್ ಕೋಡ್ ಇದ್ದರಂತೂ ದೊಡ್ಡ ಉಪಕಾರ. ಗೈಡ್‌ಗೆ ಸೋಮವಾರ ಗ್ರಾಫ್ ತೋರಿಸಬೇಕು.