ಎರಡು ತಾರೀಖಿನ ನಡುವಿನ ಮೊತ್ತ ಮತ್ತು ಬಾಕಿ: ಟೊಮೆಟೊ ಲಾಟ್ ಶೀಟಿನಲ್ಲಿ ಸಮ್‌ಇಫ್ಸ್ ಕಡಿಮೆ ತೋರಿಸ್ತಿದೆ

ಮುಳಬಾಗಿಲು_ಲೆಕ್ಕ:
ಕೋಲಾರ ಎಪಿಎಂಸಿಗೆ ಹಾಕುವ ಟೊಮೆಟೊ ಲಾಟ್‌ಗಳ ಲೆಕ್ಕ ಎಕ್ಸೆಲ್‌ನಲ್ಲಿದೆ. ಎ ಕಾಲಮ್ಮಿನಲ್ಲಿ ಮಾರಾಟದ ತಾರೀಖು, ಬಿ ಮಂಡಿ, ಸಿ ಬಾಕ್ಸ್ (15 ಕೆಜಿಯದು), ಡಿ ಮೊತ್ತ, ಇ ಹಣ ಕೈಗೆ ಬಂದ ತಾರೀಖು. ಮಾದರಿಗೆ ಐದು ಸಾಲು, ಮಂಡಿ ಹೆಸರು ಬಿಟ್ಟು:

28/06/2025 | 40 | 12,000 | 05/07/2025
03/07/2025 | 60 | 21,000 | 10/07/2025
15/07/2025 | 50 | 20,000 | 04/08/2025
31/07/2025 | 30 | 10,500 | ಖಾಲಿ
02/08/2025 | 45 | 18,000 | ಖಾಲಿ

ಎಚ್1ರಲ್ಲಿ 01/07/2025, ಎಚ್2ರಲ್ಲಿ 31/07/2025 ಇದೆ. ಫಾರ್ಮುಲಾ (ಸಮ್‌ಇಫ್ಸ್ ಅಂದರೆ ಕೊಟ್ಟ ಷರತ್ತುಗಳಿಗೆಲ್ಲ ಹೊಂದುವ ಸಾಲುಗಳನ್ನು ಮಾತ್ರ ಕೂಡಿಸೋದು):

=ಸಮ್‌ಇಫ್ಸ್(ಡಿ2:ಡಿ6, ಎ2:ಎ6, ">="&ಎಚ್1, ಎ2:ಎ6, "<="&ಎಚ್2)

ಜುಲೈಗೆ 51,500 ಬರಬೇಕು, ಬರ್ತಿರೋದು 41,000. ಇನ್ನೊಂದು: ಜುಲೈನಲ್ಲಿ ಮಾರಿದ್ದರಲ್ಲಿ 31ನೇ ತಾರೀಖಿಗೆ ಎಷ್ಟು ಬಾಕಿ ನಿಂತಿತ್ತು ಅನ್ನೋದೂ ಬೇಕು. ಆಗಸ್ಟ್‌ನಲ್ಲಿ ಬಂದ ಹಣ ಅವತ್ತಿನ ಮಟ್ಟಿಗೆ ಬಾಕಿಯೇ.

ಬಂಗಾರಪೇಟೆ_ಶೀಟ್:
ಬಿಟ್ಟುಹೋದ 10,500 ಸರಿಯಾಗಿ 31ನೇ ತಾರೀಖಿನ ಲಾಟು. ಆ ಸೆಲ್ಲಿನಲ್ಲಿ ಗಂಟೆಯೂ ಅಡಗಿದೆ. ಎ5 ಆಯ್ಕೆ ಮಾಡಿ ಫಾರ್ಮ್ಯಾಟನ್ನು ಜನರಲ್‌ಗೆ ಬದಲಿಸಿ. ಬರೀ ತಾರೀಖಾಗಿದ್ದರೆ 45869 ಅಂತ ಕಾಣಬೇಕು. 45869.78 ಥರ ಕಂಡರೆ ಅದು ಸಂಜೆ 6:40ರ ಎಂಟ್ರಿ. ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ಕಾಪಿ ಮಾಡಿದ ಸಾಲುಗಳು ಹೀಗೇ ಬರೋದು. ಎಚ್2 ಅಂದರೆ 31ರ ಮಧ್ಯರಾತ್ರಿ 12 ಗಂಟೆ, ದಿನದ ಶುರು. ಅದರ ನಂತರದ್ದೆಲ್ಲ "<=" ಮಿತಿಯ ಆಚೆ ಬಿತ್ತು.

ಕೊನೆಯ ಷರತ್ತು ಹೀಗಿರಲಿ: "<"&ಎಚ್2+1

ಎಕ್ಸೆಲ್ ಮೊದಲು ಕೂಡಿಸಿ ಆಮೇಲೆ ಜೋಡಿಸುತ್ತೆ, ಬ್ರಾಕೆಟ್ ಬೇಕಿಲ್ಲ. ಗಂಟೆ ಇರಲಿ ಬಿಡಲಿ, ಎಲ್ಲಾ ಶೀಟಿನಲ್ಲೂ ಹೀಗೇ ಬರೆಯೋದು ಒಳ್ಳೇದು.

"<=ಎಚ್2" ಅಂತ ಇಡೀ ಕೋಟ್ಸ್ ಒಳಗೆ ಹಾಕಿದರೆ ಅದು ಸೆಲ್ ಅಲ್ಲ, ಬರೀ ಅಕ್ಷರ; ಉತ್ತರ 0. ಮೊತ್ತದ ರೇಂಜ್ ಡಿ6ಕ್ಕೂ ತಾರೀಖಿನ ರೇಂಜ್ ಎ7ಕ್ಕೂ ನಿಂತರೆ ವ್ಯಾಲ್ಯೂ ಎರರ್. ಇಲ್ಲಿ ಫಾರ್ಮುಲಾ ಕನ್ನಡ ಅಕ್ಷರದಲ್ಲಿದೆ, ಶೀಟಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ.

ಚಿಂತಾಮಣಿ_ಮಂಡಿಲೆಕ್ಕ:
ಬಾಕಿಗೆ ಬರ್ತೀನಿ. "ಇ ಖಾಲಿ" ಒಂದು ಸಲ, "ಇ 31ರ ನಂತರ" ಇನ್ನೊಂದು ಸಲ ಅಂತ ಎರಡು ಸಮ್‌ಇಫ್ಸ್ ಕೂಡಿಸೋದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಅದು ಅಪಾಯ. ಯಾರಾದರೂ ಖಾಲಿ ಬಿಡುವ ಬದಲು "ಬಾಕಿ" ಅಂತಲೋ ಒಂದು ಗೆರೆಯೋ ಹಾಕಿದ್ದರೆ ಆ ಸಾಲು ಖಾಲಿಯೂ ಅಲ್ಲ, ತಾರೀಖೂ ಅಲ್ಲ. ಎರಡರಲ್ಲೂ ಸೇರದೆ ದುಡ್ಡು ಲೆಕ್ಕದಿಂದಲೇ ಮಾಯವಾಗುತ್ತೆ.

ಕಳೆಯೋದು ಭದ್ರ. ಒಟ್ಟು ಮಾರಾಟದಿಂದ 31ರ ಒಳಗೆ ಬಂದದ್ದನ್ನು ತೆಗೆಯಿರಿ:

=ಸಮ್‌ಇಫ್ಸ್(ಡಿ2:ಡಿ6, ಎ2:ಎ6, ">="&ಎಚ್1, ಎ2:ಎ6, "<"&ಎಚ್2+1) - ಸಮ್‌ಇಫ್ಸ್(ಡಿ2:ಡಿ6, ಎ2:ಎ6, ">="&ಎಚ್1, ಎ2:ಎ6, "<"&ಎಚ್2+1, ಇ2:ಇ6, "<"&ಎಚ್2+1)

ನಿಮ್ಮ ಮಾದರಿಯಲ್ಲಿ 51,500ರಿಂದ 21,000 ಹೋಗಿ 30,500. ಜುಲೈ 5ಕ್ಕೆ ಬಂದ 12,000 ಇದರಲ್ಲಿ ಸೇರಲ್ಲ, ಆ ಮಾರಾಟ ಜೂನ್‌ದು.

ಇದನ್ನೇ ಸಮ್‌ಪ್ರಾಡಕ್ಟ್‌ನಲ್ಲಿ (ಸಾಲು ಸಾಲಾಗಿ ಗುಣಿಸಿ ಕೂಡಿಸುವ ಫಂಕ್ಷನ್) ಬರೆಯುವವರು ಹುಷಾರು. ಸಮ್‌ಇಫ್ಸ್ "<" ಷರತ್ತಿನಲ್ಲಿ ಖಾಲಿ ಸೆಲ್ ಬಿಟ್ಟುಬಿಡುತ್ತೆ. ಸಮ್‌ಪ್ರಾಡಕ್ಟ್ ಖಾಲಿಯನ್ನು 0 ಅಂತ ಹಿಡಿಯುತ್ತೆ, 0 ಯಾವ ತಾರೀಖಿಗಿಂತಲೂ ಚಿಕ್ಕದು. ಬಾರದ ಹಣವೆಲ್ಲ ಬಂದಿದೆ ಅಂತ ಆಗಿಬಿಡುತ್ತೆ.

ಮಂಡಿಯವರು ಒಂದೇ ಲಾಟಿಗೆ ಎರಡು ಮೂರು ಕಂತಲ್ಲಿ ಕೊಡೋದಿದ್ದರೆ ಇ ಕಾಲಮ್ ಸಾಲದು. ಲಾಟ್ ನಂಬರ್, ತಾರೀಖು, ಬಂದ ಮೊತ್ತ ಅಂತ ಬೇರೆ ಶೀಟೇ ಮಾಡಿ.

ಮುಳಬಾಗಿಲು_ಲೆಕ್ಕ:
51,500, 30,500 ಎರಡೂ ಬಂತು. ಎ5ರಲ್ಲಿ ಗಂಟೆ ಇದ್ದದ್ದು ನಿಜ. ಆದರೆ ಇದೇ ಪಟ್ಟಿಯನ್ನು ಸಿಎಸ್‌ವಿ (ಕಾಮಾದಿಂದ ಬೇರ್ಪಡಿಸಿದ ಬರೀ ಅಕ್ಷರದ ಫೈಲ್) ಮಾಡಿ ಇನ್ನೊಂದು ಲ್ಯಾಪ್‌ಟಾಪಿನಲ್ಲಿ ತೆಗೆದರೆ ಜುಲೈ ಮೊತ್ತ 0.

ಬಂಗಾರಪೇಟೆ_ಶೀಟ್:
ಆ ಲ್ಯಾಪ್‌ಟಾಪಿನ ರೀಜನ್ ಅಮೆರಿಕದ್ದು, ತಿಂಗಳು ಮೊದಲು. 03/07 ಮಾರ್ಚ್ 7 ಆಯ್ತು. 15/07ಕ್ಕೆ 15ನೇ ತಿಂಗಳೇ ಇಲ್ಲ, ಹಾಗಾಗಿ ಅದು ಟೆಕ್ಸ್ಟ್ ಆಗಿ ಸೆಲ್ಲಿನ ಎಡಕ್ಕೆ ಅಂಟಿಕೊಂಡಿತು. ಟೆಕ್ಸ್ಟನ್ನು ">=" ಲೆಕ್ಕಕ್ಕೇ ತೆಗೆದುಕೊಳ್ಳಲ್ಲ, ಎರರ್ ಕೂಡ ಕೊಡಲ್ಲ. ನಿಮಗೆ 0 ಬಂದದ್ದೇ ಒಳ್ಳೇದಾಯ್ತು. ಪೂರ್ತಿ ಪಟ್ಟಿಯಲ್ಲಿ ಜೂನ್ 7ರ ಲಾಟ್ ಇದ್ದರೆ ಅದು ಜುಲೈ 6 ಆಗಿ ಜುಲೈ ಮೊತ್ತಕ್ಕೆ ಸೇರಿಕೊಳ್ಳುತ್ತೆ, ನೋಡೋಕೆ ನಂಬುವ ಹಾಗೇ ಇರುತ್ತೆ.

ವಿಂಡೋಸ್‌ನಲ್ಲಿ ರೀಜನಲ್ ಫಾರ್ಮ್ಯಾಟನ್ನು ಇಂಗ್ಲಿಷ್ (ಇಂಡಿಯಾ) ಮಾಡಿ, ಸಿಎಸ್‌ವಿಯನ್ನು ಮತ್ತೆ ಹೊಸದಾಗಿ ತೆರೆಯಿರಿ. ಕೆಟ್ಟ ಶೀಟನ್ನು ಟೆಕ್ಸ್ಟ್ ಟು ಕಾಲಮ್ಸ್‌ನಲ್ಲಿ ಡಿಎಂವೈ (ದಿನ, ತಿಂಗಳು, ವರ್ಷ ಅನ್ನುವ ಕ್ರಮ) ಕೊಟ್ಟು ರಿಪೇರಿ ಮಾಡೋಕೆ ಹೋಗಬೇಡಿ. ಟೆಕ್ಸ್ಟ್ ಆದವು ಸರಿಯಾಗುತ್ತವೆ, ಆಗಲೇ ತಿರುಗಿ ಕೂತ ಮಾರ್ಚ್ 7 ಹಾಗೇ ಉಳಿಯುತ್ತೆ. ಗೂಗಲ್ ಶೀಟ್ಸ್ ಆದರೆ ಫೈಲ್, ಸೆಟ್ಟಿಂಗ್ಸ್, ಲೊಕೇಲ್ ಇಂಡಿಯಾ, ಆಮೇಲೆ ಇಂಪೋರ್ಟ್.

ತೆರೆದ ತಕ್ಷಣ =ಕೌಂಟ್(ಎ2:ಎ6) ಮತ್ತು =ಕೌಂಟ್ಎ(ಎ2:ಎ6) ಹಾಕಿ ನೋಡಿ. ಕೌಂಟ್ ಸಂಖ್ಯೆ, ತಾರೀಖನ್ನು ಮಾತ್ರ ಎಣಿಸುತ್ತೆ, ಕೌಂಟ್ಎ ಖಾಲಿಯಲ್ಲದ ಎಲ್ಲಾ ಸೆಲ್ಲನ್ನೂ. ಎರಡೂ ಒಂದೇ ಸಂಖ್ಯೆ ಬಾರದಿದ್ದರೆ ಟೆಕ್ಸ್ಟ್ ತಾರೀಖು ಇದೆ ಅಂತಲೇ ಅರ್ಥ. ಡಿ ಕಾಲಮ್ಮಿಗೂ ಇದೇ ಪರೀಕ್ಷೆ ಮಾಡಿ, "10,500/-" ಅಂತ ಟೈಪ್ ಮಾಡಿದ್ದು ಸಂಖ್ಯೆಯಲ್ಲ.

ಚಿಂತಾಮಣಿ_ಮಂಡಿಲೆಕ್ಕ:
ಮುಂದೆ ಮಂಡಿವಾರು ಬೇಕಾದರೆ ಬಿ2:ಬಿ6, ಎಚ್3 ಅಂತ ಇನ್ನೊಂದು ಜೋಡಿ ಸೇರಿಸಿದರೆ ಆಯ್ತು. ಮಂಡಿ ಹೆಸರನ್ನು ಮಾತ್ರ ಡೇಟಾ ವ್ಯಾಲಿಡೇಶನ್ ಲಿಸ್ಟಿನಿಂದಲೇ ಆರಿಸುವ ಹಾಗೆ ಮಾಡಿ. ಕನ್ನಡದಲ್ಲಿ ಒಬ್ಬರು ಕೊಂಬು ಹಾಕ್ತಾರೆ, ಒಬ್ಬರು ದೀರ್ಘ ಎಳೀತಾರೆ, ಹೆಸರಿನ ಕೊನೆಗೆ ಒಂದು ಸ್ಪೇಸ್ ಬಿದ್ದಿರುತ್ತೆ. ಸಮ್‌ಇಫ್ಸ್‌ಗೆ ಅವೆಲ್ಲ ಬೇರೆ ಬೇರೆ ಮಂಡಿ.