.315 ರೈಫಲ್‌ನ ಬೋಲ್ಟ್ ಹಿಡಿಕೆ: ಕ್ರೋಮ್ ಹಾಕಿಸಲೋ, ಕಪ್ಪು ಮಾಡಿಸಲೋ?

ತೋಟದಮನೆ:
ನನ್ನದು ಪಶ್ಚಿಮ ಬಂಗಾಳದ ಇಶಾಪುರ ಕಾರ್ಖಾನೆಯ .315 ಸ್ಪೋರ್ಟಿಂಗ್ ರೈಫಲ್. ಮರ, ನಳಿಗೆ ಎರಡೂ ಚೆನ್ನಾಗಿವೆ, ಬೋಲ್ಟ್ (ತೋಟೆ ಒಳಗೆ ತಳ್ಳಿ ನಳಿಗೆಯ ಹಿಂಬದಿ ಮುಚ್ಚುವ ಉಕ್ಕಿನ ಭಾಗ) ಹಿಡಿಕೆ ಮಾತ್ರ ಕಳೆಗೆಟ್ಟಿದೆ. ಹಿಡಿಕೆ ತುದಿಯ ಗುಂಡನೆಯ ನಾಬ್ ಮೇಲಿನ ಕಪ್ಪು ಹೋಗಿ ಬೂದು ಬಣ್ಣ ತಿರುಗಿದೆ, ಕತ್ತಿನ ಹತ್ತಿರ ಸೂಜಿಮೊನೆಯಷ್ಟು ತುಕ್ಕಿನ ಗುಳಿಗಳಿವೆ. ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್‌ನಲ್ಲಿ ತೋಕ್ ಪೂ (ಕೋವಿ ಹೂ) ಇಟ್ಟು ಪೂಜೆಗೆ ನಿಲ್ಲಿಸುವಷ್ಟರಲ್ಲಿ ಸರಿಮಾಡಬೇಕು. ಹಳೇ ನಾಬ್ ಕೊಯ್ದು ದೊಡ್ಡದನ್ನು ವೆಲ್ಡ್ ಮಾಡಿಸಬಹುದೇ? ಇಲ್ಲವಾದರೆ ಬೈಕ್ ಸೈಲೆನ್ಸರಿಗೆ ಮಾಡುವಂಥ ಕ್ರೋಮ್? ಅಥವಾ ಕೋಲ್ಡ್ ಬ್ಲೂ (ಉಕ್ಕನ್ನು ಕಪ್ಪಾಗಿಸಲು ಹಚ್ಚುವ ದ್ರಾವಣ) ಸಾಕೇ? ಬೋಲ್ಟ್ ಮೈಮೇಲೆ ಮೀನಿನ ಹುರುಪೆಯಂಥ ಜ್ಯುವೆಲಿಂಗ್ ಕೂಡ ಆಸೆಯಿದೆ.

ಲೇತ್‌ಕೆಲಸ:
ವೆಲ್ಡಿಂಗ್ ಬೇಡವೇ ಬೇಡ. ಇದು ಲೀ-ಎನ್‌ಫೀಲ್ಡ್ ಜಾತಿಯ ಬೋಲ್ಟ್. ಮೌಸರ್ ಜಾತಿಯ ರೈಫಲ್‌ನಲ್ಲಿ ಮುಖ್ಯ ಲಾಕಿಂಗ್ ಲಗ್‌ಗಳು (ಗುಂಡು ಹಾರುವಾಗ ಬೋಲ್ಟ್ ಹಿಂದೆ ಸರಿಯದಂತೆ ಹಿಡಿಯುವ ಉಬ್ಬುಗಳು) ಬೋಲ್ಟ್‌ನ ಮುಂದಿನ ತುದಿಯಲ್ಲಿ, ಹಿಡಿಕೆಯಿಂದ ದೂರದಲ್ಲಿರುತ್ತವೆ. ಇಲ್ಲಿ ಲಗ್ ಇರುವುದೇ ಹಿಂದುಗಡೆ, ಹಿಡಿಕೆಯ ಪಕ್ಕದಲ್ಲಿ. ಹಿಡಿಕೆ ಬೇರೆಯಲ್ಲ, ಬೋಲ್ಟ್ ಬೇರೆಯಲ್ಲ, ಎಲ್ಲ ಒಂದೇ ಉಕ್ಕು. ನಾಬ್‌ಗೆ ಕೊಟ್ಟ ಶಾಖ ನೆಟ್ಟಗೆ ಲಗ್‌ಗೆ ಹರಿದು ಅದರ ಹದ ಕೆಡಿಸುತ್ತದೆ. ಮೆತ್ತಗಾದ ಲಗ್ ಕಣ್ಣಿಗೆ ಕಾಣುವುದಿಲ್ಲ. ಗುಂಡು ಹಾರಿಸುತ್ತ ಹೋದಂತೆ ಅದು ಜಜ್ಜಿಹೋಗಿ ಹೆಡ್‌ಸ್ಪೇಸ್, ಅಂದರೆ ತೋಟೆ ಬುಡಕ್ಕೂ ಬೋಲ್ಟ್‌ಗೂ ನಡುವಿನ ಸಂದು, ಹೆಚ್ಚುತ್ತದೆ, ಆಗ ತೋಟೆ ಬುಡದ ಹತ್ತಿರ ಸೀಳುತ್ತದೆ. ರೆಮಿಂಗ್ಟನ್ 700 ಎಂಬ ಬೇರೆ ರೈಫಲ್‌ಗೆ ನಾಬ್ ಕಡಿದು 5/16-24 ಥ್ರೆಡ್ ಹೊಡೆದು ಬೇರೆ ನಾಬ್ ಕೂರಿಸುವ ವಿಡಿಯೊಗಳನ್ನು ನೋಡಿ ಇದಕ್ಕೂ ಅದೇ ಮಾಡಲು ಹೊರಡಬೇಡಿ.

ಕ್ರೋಮ್‌ನದು ಇನ್ನೊಂದು ತಕರಾರು. ಆಸಿಡ್ ತೊಟ್ಟಿಯಲ್ಲಿ, ಪ್ಲೇಟಿಂಗ್ ತೊಟ್ಟಿಯಲ್ಲಿ ಗಟ್ಟಿ ಉಕ್ಕಿನೊಳಗೆ ಹೈಡ್ರೋಜನ್ ಸೇರಿ ಅದು ಪೆಡಸಾಗುತ್ತದೆ. ಪ್ಲೇಟಿಂಗ್ ಮುಗಿದ ಕೂಡಲೇ 190 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗಂಟೆಗಟ್ಟಲೆ ಬೇಯಿಸಿದರೆ ಮಾತ್ರ ಆ ಹೈಡ್ರೋಜನ್ ಹೊರಬರುತ್ತದೆ. ಸೈಲೆನ್ಸರ್ ಅಂಗಡಿಯವನಿಗೆ ಆ ಗೊಡವೆಯೇ ಇಲ್ಲ.

ಕಾನೂನಿನ ಮಾತೂ ಇದೆ. ಕೊಡವರಿಗೆ, ಕೊಡಗಿನ ಜಮ್ಮಾ ಹಿಡುವಳಿದಾರರಿಗೆ (ವಂಶಪಾರಂಪರ್ಯ ಭೂಮಿ ಉಳ್ಳವರಿಗೆ) 2029ರವರೆಗೆ ಇರುವ ವಿನಾಯಿತಿ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವುದಕ್ಕೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ರಿಪೇರಿ, ಮಾರ್ಪಾಟು ಮಾಡುವವನ ಹತ್ತಿರ ಲೈಸೆನ್ಸ್ ಇರಬೇಕು. 8ನೇ ಸೆಕ್ಷನ್ ಪ್ರಕಾರ ಕೋವಿಯ ಗುರುತಿನ ನಂಬರ್ ಅಳಿಸುವುದು ಅಪರಾಧ. ಈ ವಂಶದ ಬೋಲ್ಟ್‌ಗಳಲ್ಲಿ ನಂಬರ್ ಸಾಮಾನ್ಯವಾಗಿ ಹಿಡಿಕೆಯ ಬುಡದ ಹಿಂಬದಿಯಲ್ಲಿರುತ್ತದೆ. ಉಜ್ಜುವ ಮೊದಲು ಅದನ್ನು ಹುಡುಕಿ ಟೇಪ್ ಅಂಟಿಸಿ.

ನೀಲಿಕಪ್ಪು:
ಕೋಲ್ಡ್ ಬ್ಲೂ ಮನೆಯಲ್ಲೇ ಆಗುವ ಕೆಲಸ. ಚೇಂಬರ್ (ತೋಟೆ ಕೂರುವ ಜಾಗ), ಮ್ಯಾಗಜೀನ್ (ತೋಟೆ ಪೆಟ್ಟಿಗೆ) ಖಾಲಿ ಇವೆಯೆಂದು ಕಣ್ಣಲ್ಲೂ ಬೆರಳಲ್ಲೂ ನೋಡಿ, ಬೋಲ್ಟ್ ಹಿಂದಕ್ಕೆಳೆದು ಬೋಲ್ಟ್ ಹೆಡ್ (ಬೋಲ್ಟ್‌ನ ಮುಂತುದಿ) ಮೇಲಕ್ಕೆ ತಿರುಗಿಸಿ ಹೊರತೆಗೆಯಿರಿ. ಒಳಗಿನ ಸ್ಪ್ರಿಂಗ್, ಪಿನ್ (ತೋಟೆಗೆ ಬಡಿದು ಸಿಡಿಸುವ ಕಡ್ಡಿ) ಬಿಚ್ಚುವುದು ಬೇಡ. ಹಿಡಿಕೆ ಬಿಟ್ಟು ಉಳಿದ ಬೋಲ್ಟ್‌ಗೆ ಪ್ಲಾಸ್ಟಿಕ್ ಸುತ್ತಿ ಇನ್ಸುಲೇಷನ್ ಟೇಪ್ ಬಿಗಿಯಿರಿ. ಬ್ಲೂ ದ್ರಾವಣ ಆಮ್ಲದ್ದು, ಒಳಗೆ ಹೋದರೆ ಸ್ಪ್ರಿಂಗ್ ತುಕ್ಕು ತಿನ್ನುತ್ತದೆ.

ತುಕ್ಕಿಗೆ ಮೊದಲು ಎಣ್ಣೆ ಮತ್ತು 0000 ನಂಬರಿನ (ತೀರ ನವಿರಾದ) ಸ್ಟೀಲ್ ವೂಲ್. ಆಮೇಲೆ 320, 400, 600ರ ಎಮರಿ ಕಾಗದವನ್ನು ಪಟ್ಟಿಯಾಗಿ ಕತ್ತರಿಸಿ, ಷೂ ಪಾಲಿಶ್ ಮಾಡುವ ಬಟ್ಟೆಯಂತೆ ನಾಬ್ ಸುತ್ತ ಎಳೆಯಿರಿ. ಒಂದೊಂದು ನಂಬರಿಗೂ ಎಳೆತದ ದಿಕ್ಕು ಅಡ್ಡ ಬದಲಿಸಿ, ಹಿಂದಿನ ಗೀರು ಪೂರ್ತಿ ಹೋಗುವವರೆಗೆ ಮುಂದಿನ ಕಾಗದ ಮುಟ್ಟಬೇಡಿ. ಬಫಿಂಗ್ ಚಕ್ರಕ್ಕೆ ಕೊಟ್ಟರೆ ಅಂಚುಗಳು ಸಾಬೂನಿನಂತೆ ಸವೆಯುತ್ತವೆ. ಆಳದ ಗುಳಿಗಳನ್ನು ಬಿಟ್ಟುಬಿಡಿ, ಅವು ಮಾಯವಾಗುವಷ್ಟು ಉಜ್ಜಿದರೆ ಕತ್ತು ಸಣ್ಣಗಾಗುತ್ತದೆ.

ಗ್ಲೌಸ್ ಹಾಕಿ ಅಸಿಟೋನ್‌ನಲ್ಲಿ ಎರಡು ಸಲ ಒರೆಸಿ, ಹೇರ್ ಡ್ರೈಯರ್‌ನಿಂದ ಮುಟ್ಟಿದರೆ ಬಿಸಿ ಅನಿಸುವಷ್ಟು ಕಾಯಿಸಿ. ದ್ರಾವಣ ಹಚ್ಚಿ ಅರ್ಧದಿಂದ ಒಂದು ನಿಮಿಷ ಬಿಟ್ಟು ತಣ್ಣೀರಿನ ಬಟ್ಟೆಯಲ್ಲಿ ಒರೆಸಿ, ಅಸಿಟೋನ್‌ನಲ್ಲಿ ತೊಳೆದ 0000 ವೂಲ್‌ನಿಂದ ಮೆಲ್ಲಗೆ ತೀಡಿ. ಹೊಸ ವೂಲ್‌ಗೆ ಎಣ್ಣೆ ಸವರಿರುತ್ತದೆ, ಬಣ್ಣ ಮಚ್ಚೆಮಚ್ಚೆಯಾಗಲು ಮುಕ್ಕಾಲುಪಾಲು ಕಾರಣ ಅದೇ. ನಾಲ್ಕೈದು ಸುತ್ತು ಸಾಕು. ತಾಮ್ರದ ಕೆಂಪು ಇಣುಕಿದರೆ ದ್ರಾವಣ ಹೆಚ್ಚು ಹೊತ್ತು ನಿಂತಿದೆ ಎಂದರ್ಥ. ಕೊನೆಗೆ ಅಡುಗೆ ಸೋಡಾ ನೀರಲ್ಲಿ ತೊಳೆದು ಒಣಗಿಸಿ, ಎಣ್ಣೆ ಹಚ್ಚಿ ಒಂದು ದಿನ ಬಿಡಿ. ಸೋಡಾ ಮರೆತರೆ ಮಾರನೇ ದಿನವೇ ಕೆಂಪು ಪುಡಿ ಏಳುತ್ತದೆ.

ಹಳೆಕಬ್ಬಿಣ:
ವಿಧಾನ ಸರಿ, ಬಾಳಿಕೆಯ ಬಗ್ಗೆ ನನ್ನ ತಕರಾರಿದೆ. ಹಿಡಿಕೆ ಎಂದರೆ ಅಂಗೈ ಬೆವರು ದಿನವೂ ತಾಗುವ ಜಾಗ. ಕೋಲ್ಡ್ ಬ್ಲೂ ಅಲ್ಲಿಂದಲೇ ಮೊದಲು ಹೋಗುತ್ತದೆ. ಪೂಜೆಗೆ ಮಾತ್ರ ಹೊರಬರುವ ಕೋವಿಯಾದರೆ ನಡೆಯುತ್ತದೆ. ಬಳಸುವ ಕೋವಿಗೆ ರಸ್ಟ್ ಬ್ಲೂ ವಾಸಿ: ಬೇಕೆಂದೇ ತೆಳ್ಳಗೆ ತುಕ್ಕು ಹಿಡಿಸಿ, ಕುದಿಯುವ ನೀರಲ್ಲಿ ಅದ್ದಿ, ಎದ್ದ ಕಪ್ಪು ಪುಡಿ ತೀಡಿ, ಇಷ್ಟನ್ನೇ ಐದಾರು ಸಲ. 100 ಡಿಗ್ರಿಗೆ ಉಕ್ಕಿನ ಹದ ಕೆಡುವುದಿಲ್ಲ. ತುಕ್ಕು ಹಿಡಿಸಲು ತೇವದ ಪೆಟ್ಟಿಗೆ ಬೇಕೆನ್ನುತ್ತಾರೆ, ಮಡಿಕೇರಿ ಮಳೆಗಾಲದಲ್ಲಿ ಅಡುಗೆಮನೆಯ ಅಟ್ಟವೇ ಸಾಕು. ಆದರೆ ಇದಕ್ಕೆ ಬೋಲ್ಟ್ ಪೂರ್ತಿ ಬಿಚ್ಚಬೇಕು. ಪಿನ್ ತಿರುಪಲು ಬೋಲ್ಟ್ ಒಳಗೆ ಇಳಿಯುವ ಬೇರೆಯೇ ಕೀಲಿ ಬೇಕು, ಲೈಸೆನ್ಸ್ ಇರುವ ಕೋವಿ ಕೆಲಸದವನಿಗೇ ಕೊಡಿ. ಅವನ ಹತ್ತಿರ ಸೆರಾಕೋಟ್ (ಬಳಿದು ಬೇಯಿಸುವ ಸೆರಾಮಿಕ್ ಲೇಪ) ಇದ್ದರೆ ಅದೂ ಒಳ್ಳೆಯದೇ. ಎಚ್ ಸರಣಿಯದು 121 ಡಿಗ್ರಿಯಲ್ಲಿ ಎರಡು ಗಂಟೆಗೆ ಬೇಯುತ್ತದೆ. ಲಗ್ ಮೇಲೆ, ಬೋಲ್ಟ್ ಮೈಮೇಲೆ ಬಳಿಯದಂತೆ ಹೇಳಿ, ಆ ಪದರದ ದಪ್ಪಕ್ಕೆ ಬೋಲ್ಟ್ ಬಿಗಿಯಾಗುತ್ತದೆ.

ಜ್ಯುವೆಲಿಂಗ್ ಬೋಲ್ಟ್‌ನ ದುಂಡು ಮೈಗೆ ಸರಿ, ಬಾಗಿದ ಹಿಡಿಕೆಗೆ ಕೂರುವುದಿಲ್ಲ. ಡ್ರಿಲ್ ಪ್ರೆಸ್‌ಗೆ 6 ಮಿ.ಮೀ. ಅಪಘರ್ಷಕ ರಬ್ಬರ್ ಕಡ್ಡಿ, 3 ಮಿ.ಮೀ.ಗೊಂದು ಒತ್ತು, ಪ್ರತಿ ಸಾಲಿನ ವೃತ್ತಗಳೂ ಹಿಂದಿನ ಸಾಲಿನ ಮೇಲೆ ಅರ್ಧದಷ್ಟು ಬರಬೇಕು. ಈ ಬೋಲ್ಟ್ ಮೈಮೇಲಿರುವ ಉದ್ದನೆಯ ದಿಂಡು ಅಡ್ಡ ಬರುವುದರಿಂದ ವಿನ್ಯಾಸ ಅರ್ಧಕ್ಕೇ ತುಂಡಾಗಿ ಕಾಣುತ್ತದೆ. ನನ್ನ ಕಣ್ಣಿಗೆ ಈ ರೈಫಲ್‌ಗೆ ಅದು ಹಳ್ಳಿಮನೆಗೆ ಗಾಜಿನ ಬಾಗಿಲಿಟ್ಟ ಹಾಗೆ.

ತೋಟದಮನೆ:
ವೆಲ್ಡ್, ಕ್ರೋಮ್ ಎರಡನ್ನೂ ಕೈಬಿಟ್ಟೆ. ನಾಬ್ ದೊಡ್ಡದಾಗಿ ಕಾಣಲು ರಬ್ಬರ್ ಟೊಪ್ಪಿಗೆ ಹಾಕಬಹುದೇ?

ಲೇತ್‌ಕೆಲಸ:
ಹಾಕಬಹುದು, ತೆಳ್ಳಗಿರಲಿ. ಈ ಹಿಡಿಕೆ ಮರಕ್ಕೆ ತೀರ ಹತ್ತಿರ ಇಳಿಯುತ್ತದೆ. ಟೊಪ್ಪಿಗೆ ದಪ್ಪಗಿದ್ದರೆ ಮರಕ್ಕೆ ತಾಗಿ ಬೋಲ್ಟ್ ಪೂರ್ತಿ ಮುಚ್ಚುವುದಿಲ್ಲ. ಆಗ ಪಿನ್‌ನ ಬಲವೆಲ್ಲ ಬೋಲ್ಟ್ ಮುಚ್ಚುವುದಕ್ಕೇ ಖರ್ಚಾಗಿ ತೋಟೆ ಸಿಡಿಯದೆ ಉಳಿಯಬಹುದು. ಹಾಕಿದ ಮೇಲೆ ಖಾಲಿ ಕೋವಿಯಲ್ಲಿ ಹಿಡಿಕೆ ಕೆಳಗಿಳಿಸಿ, ನಾಬ್ ಮತ್ತು ಮರದ ನಡುವೆ ಒಂದು ಪೋಸ್ಟ್‌ಕಾರ್ಡ್ ತೂರಿಸಿ ನೋಡಿ. ತಡೆಯಿಲ್ಲದೆ ಹಾದುಹೋದರೆ ಸರಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಟೊಪ್ಪಿಗೆ ತೆಗೆದು ಒರೆಸಿ, ಅದರಡಿ ನೀರು ನಿಂತರೆ ಮತ್ತೆ ಅದೇ ಗುಳಿ.